ಚಂದ್ರಯಾನ-3 ಯಾಕೆ 4 ಸೆಕೆಂಡ್ ತಡವಾಯ್ತು? ಮೇಲಿನ ಕಸ ಗುಡಿಸುವವರು ಯಾರು?

ಮೇಷ್ಟ್ರು_ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹೋದ ವಾರ ಎಂಟನೇ ತರಗತಿಯಲ್ಲಿ ಚಂದ್ರಯಾನ-3ರ ಮಾತು ಬಂತು. 2023ರ ಜುಲೈ 14ರಂದು ಆ ರಾಕೆಟ್ ಮೊದಲು ಗೊತ್ತುಮಾಡಿದ್ದ ಹೊತ್ತಿಗಿಂತ 4 ಸೆಕೆಂಡ್ ತಡವಾಗಿ ಮೇಲೆದ್ದಿತು. ಮೇಲೆ ಸುತ್ತುತ್ತಿದ್ದ ಒಂದು ಹಳೆಯ ಚೂರು ತೀರಾ ಹತ್ತಿರ ಬರುವುದಿತ್ತು, ಅದಕ್ಕೇ ತಡ ಮಾಡಿದರು ಅಂತ ಮಕ್ಕಳಿಗೆ ಹೇಳಿದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ಹಂಗಾದ್ರೆ ಅಲ್ಲಿ ಗುಡಿಸೋರು ಯಾರು?" ಅಂತ ಕೇಳಿದಳು. ಅವಳ ತಾಯಿ ನಮ್ಮ ಊರಿನ ಪೌರಕಾರ್ಮಿಕರು. ಬೆಳಿಗ್ಗೆ ಐದು ಗಂಟೆಗೆ ಬಸ್ ನಿಲ್ದಾಣದ ಬೀದಿಯಲ್ಲಿ ಪೊರಕೆ ಹಿಡಿದಿರುತ್ತಾರೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. "ಯಾರೂ ಇಲ್ಲಮ್ಮ" ಅಂದೆ. ಆ ಉತ್ತರ ಆಗಿನಿಂದ ಮನಸ್ಸಿನಲ್ಲಿ ಕೊರೀತಾ ಇದೆ. ಸೋಮವಾರ ಅವಳಿಗೆ ಸರಿಯಾಗಿ ಹೇಳಬೇಕು. ಗೊತ್ತಿರುವವರು ದಯವಿಟ್ಟು ಬರೆಯಿರಿ, ಮಕ್ಕಳಿಗೆ ಅರ್ಥವಾಗುವ ಹಾಗೆ.

ಕಕ್ಷೆ_ಲೆಕ್ಕ

ಮೇಷ್ಟ್ರೇ, ನಾನು ಬೆಂಗಳೂರಿನಲ್ಲಿ ಏರೋಸ್ಪೇಸ್ ಓದುತ್ತಿದ್ದೇನೆ. ಮೊದಲು ಆ 4 ಸೆಕೆಂಡಿನ ಲೆಕ್ಕ ಹೇಳಿಬಿಡುತ್ತೇನೆ, ಮಕ್ಕಳಿಗೆ ಇಷ್ಟವಾಗುತ್ತದೆ.

ಭೂಮಿಯ ಹತ್ತಿರದ ಕಕ್ಷೆಯಲ್ಲಿ ಸುತ್ತುವ ಯಾವ ವಸ್ತುವಾದರೂ ಸೆಕೆಂಡಿಗೆ ಸುಮಾರು 7.5 ಕಿ.ಮೀ. ಓಡುತ್ತದೆ. ಅಂದರೆ 4 ಸೆಕೆಂಡಿನಲ್ಲಿ 30 ಕಿ.ಮೀ. ಹೆಚ್ಚು ಕಡಿಮೆ ಮೆಜೆಸ್ಟಿಕ್‌ನಿಂದ ಬಿಡದಿ. ಇನ್ನು 20 ಸೆಕೆಂಡ್ ಕೊಟ್ಟರೆ ಬೆಂಗಳೂರಿನಿಂದ ಮೈಸೂರು ದಾಟಿಬಿಡುತ್ತದೆ. ಹಾಗಾಗಿ 4 ಸೆಕೆಂಡ್ ತಡ ಮಾಡಿದರೆ ಸಾಕು, ಆ ಚೂರು ಎಲ್ಲೋ ದೂರ ಹೋಗಿರುತ್ತದೆ. ಅದೇ ತಿಂಗಳು 30ರಂದು ಸಿಂಗಪುರದ ಉಪಗ್ರಹ ಹೊತ್ತ ಇಸ್ರೋದ ರಾಕೆಟ್ ಪಿಎಸ್‌ಎಲ್‌ವಿ-ಸಿ56 ಅನ್ನೂ ಇದೇ ಕಾರಣಕ್ಕೆ ಒಂದು ನಿಮಿಷ ತಡೆದರು.

ಚೂರು ಚಿಕ್ಕದಲ್ವಾ, ಏನು ಮಾಡೀತು ಅಂತ ಮಕ್ಕಳು ಕೇಳಬಹುದು. ಒಂದು ಸೆಂಟಿಮೀಟರ್ ಅಗಲದ ಅಲ್ಯೂಮಿನಿಯಂ ಗೋಲಿ ಸುಮ್ನೆ ಒಂದೂವರೆ ಗ್ರಾಂ ತೂಗುತ್ತದೆ. ಎದುರಿನಿಂದ ಬರುವ ಉಪಗ್ರಹಕ್ಕೆ ಅದು ಸೆಕೆಂಡಿಗೆ 10 ಕಿ.ಮೀ. ವೇಗದಲ್ಲಿ ಬಡಿದರೆ, ಹಳೇ ಮಾರುತಿ 800 ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿ ಬಂದು ಗುದ್ದಿದಷ್ಟು ಶಕ್ತಿ. ಬೋರ್ಡಿನ ಮೇಲೆ ಲೆಕ್ಕ ಮಾಡಿಸಿ ನೋಡಿ, ಅರ್ಧ ಗುಣಿಸು ತೂಕ ಗುಣಿಸು ವೇಗದ ವರ್ಗ, ಅಷ್ಟೇ. 1983ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಕಿಟಕಿಗೆ ಗುಳಿ ಬಿದ್ದಿದ್ದು ಕಲ್ಲಿನಿಂದ ಅಲ್ಲ, ಉದುರಿದ ಬಣ್ಣದ ಒಂದು ಚಕ್ಕೆಯಿಂದ.

ಈಗ ರೇಡಾರ್ ಕಣ್ಣಿಗೆ ಬಿದ್ದು ಲೆಕ್ಕಕ್ಕೆ ಸಿಕ್ಕಿರುವ ವಸ್ತುಗಳು ಸುಮಾರು 40,000. ಒಂದು ಸೆಂಟಿಮೀಟರ್‌ಗಿಂತ ದೊಡ್ಡ ಚೂರುಗಳು 10 ಲಕ್ಷಕ್ಕೂ ಜಾಸ್ತಿ ಇವೆ ಅಂತ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಅಂದಾಜು. ಅವುಗಳಲ್ಲಿ ಹೆಚ್ಚಿನವು ಎಲ್ಲಿವೆ ಅಂತ ಯಾರೂ ಬೆರಳಿಟ್ಟು ತೋರಿಸಲಾರರು. ನನಗೆ ನಿದ್ದೆ ಕೆಡಿಸುವುದು ಅದೇ.

ಕೊಪ್ಪಳದ_ಹಿರಿಯ

ನಾನು ಆರನೇ ಇಯತ್ತೆಯಲ್ಲಿದ್ದಾಗ ಸ್ಕೈಲ್ಯಾಬ್ ಬಿತ್ತು. 1979ರ ಜುಲೈ. ಅಮೆರಿಕದ ಬಾಹ್ಯಾಕಾಶ ನಿಲ್ದಾಣ, 77 ಟನ್ ತೂಕ. ಎಲ್ಲಿ ಬೀಳುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಒಂದೇ ರೇಡಿಯೋ ಇತ್ತು. ಧಾರವಾಡ ಕೇಂದ್ರದ ಸುದ್ದಿ ಕೇಳಲು ಕಟ್ಟೆಯ ಮೇಲೆ ಊರೇ ಸೇರುತ್ತಿತ್ತು. ಬಿತ್ತನೆಯ ಕಾಲ ಬೇರೆ. "ಬಿತ್ತಿ ಏನು ಮಾಡೋದೈತಿ, ಮೇಲಿಂದ ಬೆಂಕಿ ಬೀಳತೈತಂತ" ಅಂತ ನಮ್ಮ ಕಾಕಾ ಎರಡು ದಿನ ಕೂರಿಗೆ ಮುಟ್ಟಲಿಲ್ಲ. ನಮ್ಮವ್ವ ಮಾತ್ರ ಅಂದಳು, ಬಿದ್ದರೆ ಬೀಳಲಿ, ಹಸಿ ಆರಿದರೆ ಮುಂದ ಉಣ್ಣೋದೇನು ಅಂತ. ಮೂರನೇ ದಿನ ಅವಳೇ ಹೊಲಕ್ಕೆ ಹೋದಳು.

11ನೇ ತಾರೀಖು ಅದು ಆಸ್ಟ್ರೇಲಿಯಾದ ಕಡೆ ಬಿತ್ತು ಅಂತ ಸುದ್ದಿ ಬಂತು. ಊರಿಗೆ ಊರೇ ಉಸಿರು ಬಿಟ್ಟಿತು. ಆಮೇಲೆ ನಾವು ಅದನ್ನು ಮರೆತೆವು. ಅಲ್ಲಿನ ಜನ ಏನಾದರು ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಈಗ ಬರೆಯುವಾಗ ಅದಕ್ಕೆ ಬೇಜಾರಾಗುತ್ತದೆ.

ಪರ್ತ್_ಸುಮಾ

ಕಾಕಾ, ಅಲ್ಲಿನ ಜನಕ್ಕೆ ಏನೂ ಆಗಲಿಲ್ಲ, ನೆಮ್ಮದಿಯಾಗಿರಿ. ನಾನು ಹನ್ನೆರಡು ವರ್ಷದಿಂದ ಪಶ್ಚಿಮ ಆಸ್ಟ್ರೇಲಿಯಾದಲ್ಲೇ ಇದ್ದೇನೆ. ಚೂರುಗಳು ಬಿದ್ದಿದ್ದು ಎಸ್ಪೆರೆನ್ಸ್ ಅನ್ನುವ ಊರಿನ ಸುತ್ತ. ಅಲ್ಲಿನ ಮ್ಯೂಸಿಯಂನಲ್ಲಿ ಆ ತುಂಡುಗಳನ್ನು ಇಟ್ಟಿದ್ದಾರೆ. ಬೀದಿಯಲ್ಲಿ ಕಸ ಹಾಕಿದ್ದಕ್ಕೆ ಅಂತ ಆ ಊರಿನ ಆಡಳಿತ ನಾಸಾಗೆ 400 ಡಾಲರ್ ದಂಡ ಹಾಕಿತ್ತು.

ಇನ್ನೊಂದು ಸಂಗತಿ ಹೇಳುತ್ತೇನೆ. 2023ರ ಜುಲೈನಲ್ಲಿ ಪರ್ತ್‌ನಿಂದ ಉತ್ತರಕ್ಕಿರುವ ಗ್ರೀನ್ ಹೆಡ್ ಕಡಲ ತೀರಕ್ಕೆ ಒಂದು ದೊಡ್ಡ ತಾಮ್ರದ ಬಣ್ಣದ ಡಬ್ಬಿಯಂತಹದು ತೇಲಿ ಬಂತು. ಮನುಷ್ಯನಿಗಿಂತ ಎತ್ತರ. ಪೊಲೀಸರು ಕಾವಲು ನಿಂತರು, ಹತ್ತಿರ ಹೋಗಬೇಡಿ ಅಂದರು. ಟಿವಿಯಲ್ಲಿ ಏನೇನೋ ಊಹೆಗಳು. ಆ ತಿಂಗಳ ಕೊನೆಗೆ ಆಸ್ಟ್ರೇಲಿಯಾದ ಬಾಹ್ಯಾಕಾಶ ಸಂಸ್ಥೆ ಹೇಳಿತು: ಅದು ನಮ್ಮ ಪಿಎಸ್‌ಎಲ್‌ವಿಯ ಮೂರನೇ ಹಂತದ ಕವಚ. ಆಫೀಸಿನಲ್ಲಿ ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಚಂದ್ರಯಾನ ಹಾರಿದ ಹೆಮ್ಮೆಯಲ್ಲಿ ಸಿಹಿ ಹಂಚಿ ಎರಡು ವಾರ ಆಗಿತ್ತು ಅಷ್ಟೇ. ಅದು ಕಕ್ಷೆಯಿಂದ ಬಿದ್ದದ್ದಲ್ಲ, ಉಡಾವಣೆಯ ದಾರಿಯಲ್ಲೇ ಸಮುದ್ರಕ್ಕೆ ಬೀಳುವ ಭಾಗ, ಎಲ್ಲ ದೇಶದ ರಾಕೆಟ್‌ಗಳೂ ಹಾಗೇ ಬೀಳಿಸುತ್ತವೆ. ಆದರೂ ಇನ್ನೊಬ್ಬರ ಅಂಗಳದಲ್ಲಿ ನಮ್ಮ ಮನೆಯ ಪಾತ್ರೆ ಬಿದ್ದ ಹಾಗೆ ಅನ್ನಿಸಿತು.

ನಾಗಪುರ_ಕನ್ನಡಿಗ

ನಮ್ಮ ಕಡೆಯೂ ಬಿದ್ದಿದೆ. 2022ರ ಯುಗಾದಿ, ಏಪ್ರಿಲ್ 2. ಸಂಜೆ ಚಂದ್ರನನ್ನು ನೋಡಲು ಅಂತ ಮನೆಯವರೆಲ್ಲ ಮಾಳಿಗೆ ಹತ್ತಿದ್ದೆವು. ಚಂದ್ರನ ಗೆರೆ ಕಂಡಿತು, ಕೈ ಮುಗಿದೆವು. ಹಾಗೇ ಮಾತಾಡುತ್ತಾ ನಿಂತಿದ್ದಾಗ ಆಕಾಶದ ಆ ತುದಿಯಿಂದ ಈ ತುದಿಗೆ ಬೆಂಕಿಯ ಸಾಲು ಹೊರಟಿತು. ನಕ್ಷತ್ರ ಬೀಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಇದು ನಿಧಾನ, ತುಂಡು ತುಂಡಾಗಿ, ಮೆರವಣಿಗೆಯ ಪಂಜುಗಳ ಹಾಗೆ. ನನ್ನ ಮಗಳು ಚಪ್ಪಾಳೆ ತಟ್ಟಿದಳು.

ಮಾರನೆಯ ದಿನ ಗೊತ್ತಾಯಿತು, ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲೂಕಿನ ಹಳ್ಳಿಯಲ್ಲಿ ಸುಮಾರು ಮೂರು ಮೀಟರ್ ಅಗಲದ ಲೋಹದ ಬಳೆ ಬಿದ್ದಿದೆ ಅಂತ. ಲೋಹದ ಗುಂಡುಗಳೂ ಸಿಕ್ಕವು. ಚೀನಾದ ಲಾಂಗ್ ಮಾರ್ಚ್ ರಾಕೆಟ್ಟಿನ ಭಾಗ ಇರಬೇಕು ಅಂತ ತಿಳಿದವರು ಹೇಳಿದರು. ಆ ಬಳೆ ಮನೆಗಳ ಮಧ್ಯದ ಖಾಲಿ ಜಾಗದಲ್ಲಿ ಬಿದ್ದಿತ್ತು. ಹತ್ತು ಹೆಜ್ಜೆ ಆಚೀಚೆ ಆಗಿದ್ದರೆ? ಆ ಚಪ್ಪಾಳೆ ನೆನಪಾದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ.

ಮೇಷ್ಟ್ರು_ತುಮಕೂರು

ಎಲ್ಲರಿಗೂ ಧನ್ಯವಾದ. ಬೀಳುವುದರ ಕಥೆ ಅರ್ಥವಾಯಿತು. ಆದರೆ ನನ್ನ ಹುಡುಗಿ ಕೇಳಿದ್ದು ಬೀಳದೆ ಉಳಿದದ್ದರ ಬಗ್ಗೆ. ಅದು ಎಷ್ಟು ದಿನ ಅಲ್ಲೇ ಇರುತ್ತದೆ?

ಕಕ್ಷೆ_ಲೆಕ್ಕ

ಎತ್ತರದ ಮೇಲೆ ಹೋಗುತ್ತದೆ ಮೇಷ್ಟ್ರೇ. ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದೇ. 300 ಕಿ.ಮೀ. ಎತ್ತರದಲ್ಲಿ ತೆಳ್ಳಗೆ ಗಾಳಿ ಇದೆ, ಅದು ಚೂರನ್ನು ತಡೆದು ವಾರಗಳಲ್ಲೋ ತಿಂಗಳುಗಳಲ್ಲೋ ಕೆಳಗೆ ಎಳೆಯುತ್ತದೆ. 500–600 ಕಿ.ಮೀ.ಗೆ ಹೋದರೆ ವರ್ಷಗಟ್ಟಲೆ. 800 ದಾಟಿದರೆ ನೂರು ವರ್ಷ, ಇನ್ನೂ ಜಾಸ್ತಿ. ಸಾವಿರ ದಾಟಿದರೆ ನಮ್ಮ ಮರಿಮಕ್ಕಳ ಮರಿಮಕ್ಕಳೂ ನೋಡುತ್ತಾರೆ. 1958ರ ಮಾರ್ಚ್‌ನಲ್ಲಿ ಅಮೆರಿಕ ಕಳಿಸಿದ ವ್ಯಾನ್‌ಗಾರ್ಡ್-1 ಇವತ್ತಿಗೂ ಸುತ್ತುತ್ತಿದೆ. ಆ ಉಪಗ್ರಹದ ರೇಡಿಯೋ ಮಾತು ನಿಂತು ಅರವತ್ತು ವರ್ಷ ಆಯಿತು.

ಗಾಳಿಯೇ ಅಲ್ಲಿನ ಪೊರಕೆ ಅಂತ ಅವಳಿಗೆ ಹೇಳಬಹುದು. ಆದರೆ ಆ ಪೊರಕೆ ಕೆಳಗಿನ ಅಂಗಳಕ್ಕೆ ಮಾತ್ರ ಮುಟ್ಟುತ್ತದೆ.

ಹೇಮಾವತಿ_ಹಾಸನ

ತೀರಾ ಮೇಲಿನ ಅಂಗಳದ ಕಥೆ ನಾನು ಹೇಳುತ್ತೇನೆ. ನಮ್ಮ ಹಾಸನದಲ್ಲಿ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ ಇದೆ, 1982ರಿಂದ. ಇನ್‌ಸ್ಯಾಟ್ ಉಪಗ್ರಹಗಳನ್ನು ಸಂಭಾಳಿಸುವುದು ಇಲ್ಲಿಂದ. ಅವು ಇರುವುದು 36,000 ಕಿ.ಮೀ. ಎತ್ತರದಲ್ಲಿ. ಅಲ್ಲಿ ಗಾಳಿಯೇ ಇಲ್ಲ. ಕೆಳಗೆ ತರೋಣ ಅಂದರೆ ಅಷ್ಟು ಇಂಧನ ಎಲ್ಲಿಂದ ತರುವುದು? ಹಾಗಾಗಿ ಆಯಸ್ಸು ಮುಗಿದ ಉಪಗ್ರಹವನ್ನು ಇನ್ನೂ 300 ಕಿ.ಮೀ. ಮೇಲಕ್ಕೆ ತಳ್ಳಿ, ಉಳಿದ ಇಂಧನ ಖಾಲಿ ಮಾಡಿ, ಬ್ಯಾಟರಿ ಆರಿಸಿ ಬಿಟ್ಟುಬಿಡುತ್ತಾರೆ. ಸ್ಮಶಾನ ಕಕ್ಷೆ ಅನ್ನುತ್ತಾರೆ.

ಡಿಡಿ ಡೈರೆಕ್ಟ್ ಡಿಶ್ ಹಾಕಿಸಿಕೊಂಡಿದ್ದವರಿಗೆ ಇನ್‌ಸ್ಯಾಟ್-4ಬಿ ನೆನಪಿರಬಹುದು. 2007ರಲ್ಲಿ ಹಾರಿದ್ದು. ನಮ್ಮ ಮಾಳಿಗೆಯ ಡಿಶ್ ಎಷ್ಟೋ ವರ್ಷ ಅದರ ಕಡೆಗೇ ಮುಖ ಮಾಡಿತ್ತು. 2022ರ ಜನವರಿಯಲ್ಲಿ ಅದನ್ನು ಹೀಗೆ ಕಳಿಸಿಕೊಟ್ಟರು. ನಮ್ಮ ದೊಡ್ಡಪ್ಪ ಇಲ್ಲೇ ಕೆಲಸ ಮಾಡಿ ನಿವೃತ್ತರಾದವರು. ಅವರು ಹೇಳುವುದು ಒಂದೇ ಮಾತು: ಕೊನೆಯ ಆ ತಳ್ಳಾಟಕ್ಕೆ ಬೇಕಾದ ಇಂಧನವನ್ನು ಮೊದಲೇ ಎತ್ತಿಡಬೇಕು, ಇನ್ನೊಂದೆರಡು ತಿಂಗಳು ದುಡಿಸೋಣ ಅನ್ನುವ ಆಸೆಗೆ ಅದನ್ನು ಮುಟ್ಟಬಾರದು. ಅಮೆರಿಕದ ಡಿಶ್ ಕಂಪನಿಯ ಒಂದು ಉಪಗ್ರಹಕ್ಕೆ ಇಂಧನ ಸಾಲದೆ 300 ಕಿ.ಮೀ. ಬದಲು 122 ಕಿ.ಮೀ. ಮಾತ್ರ ಏರಿತು. 2023ರಲ್ಲಿ ಅಲ್ಲಿನ ಸರ್ಕಾರಿ ಆಯೋಗ ಅವರಿಗೆ ಒಂದೂವರೆ ಲಕ್ಷ ಡಾಲರ್ ದಂಡ ಹಾಕಿತು.

ಶಿರಸಿ_ಹುಡುಗ

ಎಲ್ಲ ಸರಿ, ಆದರೆ ಕಸ ಹಾಕಿದವರು ಯಾರು ಅಂತ ನೇರವಾಗಿ ಹೇಳೋಣ. 2007ರ ಜನವರಿಯಲ್ಲಿ ಚೀನಾ ತನ್ನದೇ ಹವಾಮಾನ ಉಪಗ್ರಹ ಫೆಂಗ್‌ಯುನ್-1ಸಿ ಅನ್ನು ಕ್ಷಿಪಣಿಯಿಂದ ಒಡೆಯಿತು. 860 ಕಿ.ಮೀ. ಎತ್ತರದಲ್ಲಿ! ಕಣ್ಣಿಗೆ ಸಿಕ್ಕ ಚೂರುಗಳೇ 3,000ಕ್ಕೂ ಹೆಚ್ಚು. 2009ರ ಫೆಬ್ರವರಿ 10ರಂದು ರಷ್ಯಾದ ಸತ್ತ ಕಾಸ್ಮೋಸ್-2251 ಮತ್ತು ಅಮೆರಿಕದ ಇರಿಡಿಯಂ-33 ಸೈಬೀರಿಯಾದ ಮೇಲೆ ಡಿಕ್ಕಿ ಹೊಡೆದವು, ಅದರಿಂದ ಸುಮಾರು 2,000. 2021ರ ನವೆಂಬರ್‌ನಲ್ಲಿ ರಷ್ಯಾ ಮತ್ತೆ ತನ್ನ ಉಪಗ್ರಹ ಒಡೆಯಿತು, ಇನ್ನೊಂದು 1,500. ಆಗ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಗಗನಯಾನಿಗಳು, ರಷ್ಯಾದವರೂ ಸೇರಿ, ಓಡಿಹೋಗಿ ತಮ್ಮ ನೌಕೆಗಳಲ್ಲಿ ಕೂರಬೇಕಾಯಿತು.

ಊಟ ಮಾಡಿದವರು ಅವರು, ಎಲೆ ಎತ್ತಬೇಕಾದವರು ನಾವಾ? ಈಗ ನಮ್ಮ ರಾಕೆಟ್‌ಗಳು ಮೇಲೇಳುವ ಹೊತ್ತಿಗೆ ಎಲ್ಲರೂ ನಿಯಮ ಹೇಳಲು ಬರುತ್ತಾರೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಕಕ್ಷೆ_ಲೆಕ್ಕ

ಅಣ್ಣ, ನೀವು ಕೊಟ್ಟ ಅಂಕಿಗಳು ಸರಿ. ಸಿಟ್ಟೂ ಸರಿ. ಆದರೆ ನಮ್ಮ ಎಲೆಯೂ ಅಲ್ಲಿದೆ.

2001ರ ಅಕ್ಟೋಬರ್‌ನಲ್ಲಿ ಪಿಎಸ್‌ಎಲ್‌ವಿ-ಸಿ3 ಮೂರು ಉಪಗ್ರಹಗಳನ್ನು ಚೆನ್ನಾಗಿ ತಲುಪಿಸಿತು. ಅದರ ನಾಲ್ಕನೇ ಹಂತ ಕೆಲಸ ಮುಗಿಸಿ ಅಲ್ಲೇ ಸುತ್ತುತ್ತಿತ್ತು, ಒಳಗೆ ಸ್ವಲ್ಪ ಇಂಧನ ಉಳಿದಿತ್ತು. ಡಿಸೆಂಬರ್ 19ರಂದು ಅದು ಸಿಡಿಯಿತು. 300ಕ್ಕೂ ಹೆಚ್ಚು ಚೂರು. ಬಹಳಷ್ಟು ಬಿದ್ದು ಸುಟ್ಟಿವೆ, ಕೆಲವು ಇನ್ನೂ ಮೇಲಿವೆ. ಆಮೇಲೆ ಇಸ್ರೋ ಪಾಠ ಕಲಿತು, ಉಳಿದ ಇಂಧನ ಹೊರಗೆ ಬಿಟ್ಟು ಟ್ಯಾಂಕ್ ಖಾಲಿ ಮಾಡುವ ಪದ್ಧತಿ ತಂದಿತು.

2019ರ ಮಾರ್ಚ್ 27ರ ಮಿಷನ್ ಶಕ್ತಿಯೂ ಇದೆ. ನಮ್ಮದೇ ಉಪಗ್ರಹ ಮೈಕ್ರೋಸ್ಯಾಟ್-ಆರ್ ಅನ್ನು ಕ್ಷಿಪಣಿಯಿಂದ ಒಡೆದೆವು. 45 ದಿನದಲ್ಲಿ ಎಲ್ಲ ಬೀಳುತ್ತದೆ ಅಂದರು. ಕೆಲವು ಚೂರುಗಳು ಒಂದು ವರ್ಷ ದಾಟಿದರೂ ಮೇಲೆ ಇದ್ದವು.

ಶಿರಸಿ_ಹುಡುಗ

ಪಿಎಸ್‌ಎಲ್‌ವಿ-ಸಿ3 ನನಗೆ ಗೊತ್ತಿರಲಿಲ್ಲ ತಂಗಿ. ಒಪ್ಪಿದೆ. ಮಿಷನ್ ಶಕ್ತಿಯನ್ನು ಮಾತ್ರ ಚೀನಾದ್ದರ ಜೊತೆ ಒಂದೇ ತಕ್ಕಡಿಯಲ್ಲಿ ಇಡಬೇಡಿ. ನಮ್ಮದು ಸುಮಾರು 280 ಕಿ.ಮೀ. ಎತ್ತರದಲ್ಲಿ, ಬೇಗ ಬೀಳಲಿ ಅಂತಲೇ ಆರಿಸಿದ ಎತ್ತರ. ನೀವೇ ಮೇಲೆ ಹೇಳಿದ ಲೆಕ್ಕ ಅದು.

ಕಕ್ಷೆ_ಲೆಕ್ಕ

ಅದು ನಿಜ ಅಣ್ಣ, ಒಂದೇ ತಕ್ಕಡಿ ಅಲ್ಲ. ಆದರೆ ಒಡೆದ ಏಟಿಗೆ ಕೆಲವು ಚೂರುಗಳು ಅಂತರರಾಷ್ಟ್ರೀಯ ನಿಲ್ದಾಣಕ್ಕಿಂತ ಮೇಲಕ್ಕೆ ಚಿಮ್ಮಿದವು. ಎಷ್ಟು ಎತ್ತರದಲ್ಲಿ ಹೊಡೆಯುತ್ತೇವೆ ಅನ್ನುವುದು ನಮ್ಮ ಕೈಯಲ್ಲಿದೆ, ಚೂರು ಎಷ್ಟು ಎತ್ತರಕ್ಕೆ ಹಾರುತ್ತದೆ ಅನ್ನುವುದು ಇಲ್ಲ. ಇನ್ನು ಮುಂದೆ ಯಾರೂ ಹೀಗೆ ಒಡೆಯುವ ಪರೀಕ್ಷೆ ಮಾಡಬಾರದು ಅಂತ 2022ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ನಿರ್ಣಯ ಬಂದಾಗ 155 ದೇಶಗಳು ಹೌದು ಅಂದವು. ಭಾರತ ಮತ ಹಾಕದೆ ಉಳಿಯಿತು. ನಾವು ಹೌದು ಅನ್ನಬೇಕಿತ್ತು ಅಂತ ನನ್ನ ಮನಸ್ಸು ಹೇಳುತ್ತದೆ.

ಪೀಣ್ಯ_ಲೇತ್

ನಮ್ಮದು ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್. ರಾಕೆಟ್‌ಗೆ ಹೋಗುವ ಕೆಲವು ಬ್ರಾಕೆಟ್, ನಟ್ಟು ಬೋಲ್ಟು ಮಾಡಿಕೊಟ್ಟಿದ್ದೇವೆ. ಮೊದಲು ನಾನು ಇದನ್ನೆಲ್ಲ ಯೋಚನೆ ಮಾಡುತ್ತಿರಲಿಲ್ಲ. ಡ್ರಾಯಿಂಗ್ ಬಂತು, ಕೆಲಸ ಮಾಡಿದೆವು. ಒಂದು ಸಲ ಇನ್‌ಸ್ಪೆಕ್ಷನ್‌ಗೆ ಬಂದ ಹಿರಿಯರೊಬ್ಬರು ಒಂದು ಬೋಲ್ಟಿನ ಅಂಚಿನಲ್ಲಿ ಉಗುರಿನಷ್ಟೂ ಇಲ್ಲದ ಲೋಹದ ಎಳೆ ತೋರಿಸಿ ವಾಪಸ್ ಮಾಡಿದರು. "ಇದು ಮೇಲೆ ಹೋಗಿ ಕಿತ್ತು ಬಂದರೆ ಗುಂಡಾಗುತ್ತೆ" ಅಂದರು. ಅವತ್ತಿನಿಂದ ನಮ್ಮ ಹುಡುಗರು ಪ್ರತಿ ಪೀಸನ್ನೂ ಬೆರಳಾಡಿಸಿ ನೋಡದೆ ಬಿಡುವುದಿಲ್ಲ. ಗುಡಿಸುವುದು ಅಲ್ಲಿಂದ ಶುರುವಾಗುತ್ತೆ ಅಂತ ನಿಮ್ಮ ಹುಡುಗಿಗೆ ಹೇಳಿ ಸಾರ್.

ಈಗ ನಮ್ಮ ಏರಿಯಾದಲ್ಲೇ, ಪೀಣ್ಯದಲ್ಲಿರುವ ಇಸ್ಟ್ರಾಕ್ (ಉಪಗ್ರಹಗಳ ಜಾಡು ಹಿಡಿಯುವ ಇಸ್ರೋ ಕೇಂದ್ರ) ಆವರಣದಲ್ಲಿ ಈ ಚೂರುಗಳ ಮೇಲೆ ಕಣ್ಣಿಡುವ ಕೇಂದ್ರ ಇದೆ. 2020ರ ಡಿಸೆಂಬರ್‌ನಲ್ಲಿ ಶುರುವಾಯಿತು. ನೇತ್ರ ಅಂತ ಯೋಜನೆಯ ಹೆಸರು.

ಕೆರೆ_ಏರಿ_ಕೋಲಾರ

ನಾನು ವಿಜ್ಞಾನ ಓದಿದವನಲ್ಲ. ನಮ್ಮೂರ ಕೆರೆ ಹೂಳು ಎತ್ತಿಸಲು ಹದಿನೈದು ವರ್ಷ ಓಡಾಡಿದವನು. ಇದನ್ನೆಲ್ಲ ಓದುವಾಗ ಅದೇ ನೆನಪಾಯಿತು. ಕೆರೆ ಎಲ್ಲರದೂ. ನೀರು ಎಲ್ಲರಿಗೂ ಬೇಕು. ಹೂಳು ಮಾತ್ರ ಯಾರದೂ ಅಲ್ಲ. ವರ್ಷಕ್ಕೆ ಒಂದು ಬೆರಳು ತುಂಬುತ್ತೆ, ಯಾರ ಕಣ್ಣಿಗೂ ಬೀಳಲ್ಲ. ಒಂದು ದಿನ ಮಳೆ ಬಂದರೂ ನೀರು ನಿಲ್ಲಲ್ಲ. ಮೇಲೂ ಹಾಗೇ ಒಂದು ದಿನ ಬರುತ್ತಾ?

ಕಕ್ಷೆ_ಲೆಕ್ಕ

ಬರಬಹುದು ಸಾರ್. ನಾಸಾದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಲೈಸ್ 1978ರಲ್ಲೇ ಇದನ್ನು ಬರೆದರು. ಒಂದು ಡಿಕ್ಕಿಯಿಂದ ಸಾವಿರ ಚೂರು, ಅವುಗಳಿಂದ ಇನ್ನಷ್ಟು ಡಿಕ್ಕಿ, ಮತ್ತಷ್ಟು ಚೂರು. ಒಂದು ಹಂತ ದಾಟಿದ ಮೇಲೆ ನಾವು ಹೊಸದಾಗಿ ಏನೂ ಕಳಿಸದಿದ್ದರೂ ಕಸ ತಾನೇ ಬೆಳೆಯುತ್ತಾ ಹೋಗುತ್ತದೆ. ನಿಮ್ಮ ಕೆರೆಗಿಂತ ಕೆಟ್ಟ ಸಂಗತಿ ಇದೇ, ಹೂಳು ಹೂಳನ್ನು ಹಡೆಯುವುದಿಲ್ಲ.

2012ರಲ್ಲಿ ಸುಮ್ಮನಾದ ಯುರೋಪಿನ ಎನ್ವಿಸ್ಯಾಟ್ ಉಪಗ್ರಹ ಎಂಟು ಟನ್ ತೂಗುತ್ತದೆ, ಸುಮಾರು 770 ಕಿ.ಮೀ. ಮೇಲಿದೆ. ಅದಕ್ಕೆ ಏನಾದರೂ ಬಡಿದರೆ ಅನ್ನುವ ಭಯ ಎಲ್ಲರಿಗೂ ಇದೆ. 2025ರ ನವೆಂಬರ್‌ನಲ್ಲಿ ಚೀನಾದ ಮೂವರು ಗಗನಯಾನಿಗಳು ಊರಿಗೆ ಹೊರಡಬೇಕಿದ್ದ ನೌಕೆಯ ಕಿಟಕಿಯಲ್ಲಿ ಬಿರುಕು ಕಂಡಿತು. ಚೂರು ಬಡಿದಿರಬೇಕು ಅಂತ ಅನುಮಾನ. ಅವರು ಬೇರೆ ನೌಕೆಯಲ್ಲಿ ಇಳಿದರು.

ನಮ್ಮವರು ಮಾಡಿದ ಒಳ್ಳೆಯ ಕೆಲಸವನ್ನೂ ಹೇಳಲೇಬೇಕು. ಭಾರತ–ಫ್ರಾನ್ಸ್ ಸೇರಿ 2011ರಲ್ಲಿ ಕಳಿಸಿದ ಮೇಘಾ-ಟ್ರಾಪಿಕ್ಸ್ ಉಪಗ್ರಹ ಸುಮಾರು ಒಂದು ಟನ್ ತೂಕದ್ದು, 860 ಕಿ.ಮೀ.ಗೂ ಮೇಲಿತ್ತು. ಬಿಟ್ಟಿದ್ದರೆ ನೂರು ವರ್ಷ ಅಲ್ಲೇ ಇರುತ್ತಿತ್ತು. ಅದನ್ನು ಹೀಗೆ ಇಳಿಸಬೇಕು ಅಂತ ಮೊದಲು ಯೋಜಿಸಿಯೇ ಇರಲಿಲ್ಲ. ಸುಮಾರು 125 ಕೆ.ಜಿ. ಇಂಧನ ಉಳಿದಿತ್ತು. ಅದರಲ್ಲೇ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬಂದು 2023ರ ಮಾರ್ಚ್ 7ರಂದು ಪೆಸಿಫಿಕ್ ಸಾಗರದ ಮೇಲೆ, ಜನ ಇಲ್ಲದ ಕಡೆ, ಸುಟ್ಟುಹೋಗುವ ಹಾಗೆ ಬೀಳಿಸಿದರು. ಆಮೇಲೆ 2024ರ ಫೆಬ್ರವರಿಯಲ್ಲಿ ಕಾರ್ಟೊಸ್ಯಾಟ್-2 ಕೂಡ ಹೀಗೇ ಹಿಂದೂ ಮಹಾಸಾಗರಕ್ಕೆ ಬಂತು. 2030ರ ಹೊತ್ತಿಗೆ ನಮ್ಮ ಯಾವ ಉಡಾವಣೆಯೂ ಕಸ ಬಿಡಬಾರದು ಅಂತ 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ಇಸ್ರೋ ಗುರಿ ಹೇಳಿತು.

ಪರ್ತ್_ಸುಮಾ

ಒಂದು ಅನುಮಾನ. ಸುಟ್ಟುಹೋಗುತ್ತದೆ ಅಂತೀರಲ್ಲ, ಸುಟ್ಟ ಮೇಲೆ ಅದು ಎಲ್ಲಿ ಹೋಗುತ್ತದೆ? ನಮ್ಮೂರಲ್ಲಿ ಪ್ಲಾಸ್ಟಿಕ್ ಸುಟ್ಟರೆ ಕಸ ಹೋಯಿತು ಅಂತಿದ್ದರು, ಹೊಗೆ ನಮ್ಮ ಎದೆಯೊಳಗೇ ಇರುತ್ತಿತ್ತು.

ಕಕ್ಷೆ_ಲೆಕ್ಕ

ಅಕ್ಕ, ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. 2023ರಲ್ಲಿ ಅಮೆರಿಕದ ವಿಜ್ಞಾನಿಗಳು ವಿಮಾನದಲ್ಲಿ ವಾತಾವರಣದ ಮೇಲಿನ ಪದರಕ್ಕೆ ಹೋಗಿ ಕಣಗಳನ್ನು ಹಿಡಿದು ನೋಡಿದರು. ಅಲ್ಲಿನ ಗಂಧಕಾಮ್ಲದ ಕಣಗಳಲ್ಲಿ ಸುಮಾರು ಹತ್ತಕ್ಕೆ ಒಂದರಲ್ಲಿ ರಾಕೆಟ್, ಉಪಗ್ರಹ ಸುಟ್ಟು ಬಂದ ಅಲ್ಯೂಮಿನಿಯಂನಂತಹ ಲೋಹಗಳು ಸಿಕ್ಕವು. ಓಜೋನ್ ಪದರಕ್ಕೆ ಇದರಿಂದ ಏನಾಗುತ್ತದೆ ಅನ್ನುವ ಅಧ್ಯಯನ ಈಗ ನಡೆಯುತ್ತಿದೆ. ಜಪಾನಿನವರು 2024ರಲ್ಲಿ ಮರದ ಹಲಗೆಯ ಪುಟ್ಟ ಉಪಗ್ರಹ ಮಾಡಿ ಕಳಿಸಿದ್ದು ಇದೇ ಕಾರಣಕ್ಕೆ.

ನಾಗಪುರ_ಕನ್ನಡಿಗ

ಮೇಲೆ ಹೋಗಿ ಹಿಡಿದು ತರುವ ಯಂತ್ರ ಯಾರೂ ಮಾಡಿಲ್ವಾ?

ಕಕ್ಷೆ_ಲೆಕ್ಕ

ಹತ್ತಿರ ಬಂದಿದ್ದಾರೆ. ಜಪಾನಿನ ಆಸ್ಟ್ರೋಸ್ಕೇಲ್ ಕಂಪನಿಯ ನೌಕೆ 2024ರಲ್ಲಿ, 2009ರಿಂದ ಸುತ್ತುತ್ತಿದ್ದ ಮೂರು ಟನ್ನಿನ ರಾಕೆಟ್ ತುಂಡಿನಿಂದ 15 ಮೀಟರ್ ದೂರಕ್ಕೆ ಹೋಗಿ ಸುತ್ತಲೂ ಫೋಟೋ ತೆಗೆಯಿತು. ಇನ್ನೂ ಹಿಡಿದಿಲ್ಲ. 2025ರ ಜನವರಿಯಲ್ಲಿ ಇಸ್ರೋದ ಸ್ಪೇಡೆಕ್ಸ್‌ನ ಎರಡು ಉಪಗ್ರಹಗಳು ಮೇಲೆ ಒಂದಕ್ಕೊಂದು ಸೇರಿದವು, ಆ ವಿದ್ಯೆ ಇದಕ್ಕೂ ಬೇಕು. ಆದರೆ ಅಲ್ಲಿ ಎರಡೂ ಕೈ ಚಾಚುತ್ತಿದ್ದವು. ಸತ್ತ ವಸ್ತು ಪಲ್ಟಿ ಹೊಡೆಯುತ್ತಿರುತ್ತದೆ, ಹಿಡಿಯಲು ಹಿಡಿಕೆಯೂ ಇರುವುದಿಲ್ಲ.

ಇನ್ನೊಂದು ತೊಡಕು ಕಾನೂನಿನದು. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಮೇಲೆ ಕಳಿಸಿದ ವಸ್ತು ಯಾವತ್ತಿಗೂ ಕಳಿಸಿದವರದೇ. ಸತ್ತಿದ್ದರೂ, ಒಡೆದಿದ್ದರೂ. ರಷ್ಯಾದ ಚೂರನ್ನು ನಾವು ಅವರನ್ನು ಕೇಳದೆ ಎತ್ತುವ ಹಾಗಿಲ್ಲ.

ಮೇಷ್ಟ್ರು_ತುಮಕೂರು

ಸೋಮವಾರ ಪಾಠ ಆಯಿತು. ಮಾರುತಿ ಕಾರಿನ ಲೆಕ್ಕ ಮೂರು ಸಲ ಮಾಡಿಸಿದರು. ಪೀಣ್ಯದವರ ಬೋಲ್ಟಿನ ಮಾತು ಹೇಳಿದಾಗ ತರಗತಿ ನಿಶ್ಶಬ್ದವಾಯಿತು. ಆ ಹುಡುಗಿ ಎಲ್ಲವನ್ನೂ ಬರೆದುಕೊಂಡು ಮನೆಗೆ ಹೋದಳು.

ಇವತ್ತು ಬೆಳಿಗ್ಗೆ ಅವಳ ತಾಯಿ ಶಾಲೆಯ ಗೇಟಿನ ಹತ್ತಿರ ಸಿಕ್ಕರು. ಬೇರೆಯವರ ಕಸ ಮುಟ್ಟೋಕೂ ಅಪ್ಪಣೆ ಬೇಕು ಅನ್ನುವುದು ಅವರಿಗೆ ತುಂಬಾ ಕಾಡಿದೆ. "ಸಾರ್, ನಮ್ ಬೀದೀಲಿ ಚೀಲದೊಳಗೆ ಒಂದು ಲೈಟ್ ಬಿಲ್ಲು ಸಿಕ್ಕಿದ್ರೆ ಯಾರ ಮನೇದು ಅಂತ ಗೊತ್ತಾಗ್ತದೆ. ಅಲ್ಲಿ ಹೆಂಗೆ? ಆ ಚೂರಿನ ಮೇಲೆ ಹೆಸರಿರ್ತದಾ?" ಅಂತ ಕೇಳಿದರು. ಕೇಳಿಕೊಂಡು ಬರ್ತೀನಿ ಅಮ್ಮ ಅಂದೆ.

ಕಕ್ಷೆ_ಲೆಕ್ಕ

ಇರುತ್ತದೆ ಮೇಷ್ಟ್ರೇ, ಚೂರಿನ ಮೇಲಲ್ಲ, ಪಟ್ಟಿಯಲ್ಲಿ. ರೇಡಾರ್‌ಗೆ ಕಾಣುವಷ್ಟು ದೊಡ್ಡದಾದರೆ ಸಾಮಾನ್ಯವಾಗಿ ಅದಕ್ಕೊಂದು ಸಂಖ್ಯೆ ಕೊಡುತ್ತಾರೆ. ಯಾವ ವರ್ಷ, ಆ ವರ್ಷದ ಎಷ್ಟನೇ ಉಡಾವಣೆ, ಯಾವ ತುಂಡು ಅಂತ. ಪಿಎಸ್‌ಎಲ್‌ವಿ-ಸಿ3ರ ಪ್ರತಿ ಚೂರಿಗೂ 2001-049 ಅನ್ನುವ ಸಂಖ್ಯೆ ಇದೆ, ಆಮೇಲೆ ಒಂದೊಂದಕ್ಕೆ ಒಂದೊಂದು ಅಕ್ಷರ. ಅದು ನಮ್ಮ ಮನೆಯ ಬಿಲ್ಲು. ಗೋಲಿಯಷ್ಟು ಚಿಕ್ಕವಕ್ಕೆ ಮಾತ್ರ ಹೆಸರೂ ಇಲ್ಲ, ಸಂಖ್ಯೆಯೂ ಇಲ್ಲ.

ಮೇಷ್ಟ್ರು_ತುಮಕೂರು

2001-049. ಬರೆದುಕೊಂಡೆ ತಾಯಿ. ನಾಳೆ ಮೊದಲ ಪಿರಿಯಡ್ ನನ್ನದೇ. ಬೋರ್ಡಿನ ಮೇಲೆ ಬರೆಯಲು ಅವಳನ್ನೇ ಕರೆಯುತ್ತೇನೆ.